ಹೊದಿಕೆಯ ಒಂದು ಮೂಲೆ

ಆ ಹೋಟೆಲಿನ ಕೋಣೆಗಳಿಗೆ ನಂಬರು ಇರಲಿಲ್ಲ. ಬಾಗಿಲಿಗೊಂದು ಚಿತ್ರ ಬರೆದಿದ್ದರು, ಅಷ್ಟೆ. ಒಂದಕ್ಕೆ ಏಡಿ, ಇನ್ನೊಂದಕ್ಕೆ ಶಂಖ, ಮಹಡಿಯ ಕೊನೆಯದಕ್ಕೆ ಆಮೆ. ದೊಡ್ಡಕ್ಕನಿಗೂ ಅವಳ ಗಂಡನಿಗೂ ಸಿಕ್ಕಿದ್ದು ಆಮೆ. ನಂಬರು ಹಾಕಿದ ಬಾಗಿಲುಗಳನ್ನು ತಟ್ಟುವುದರಲ್ಲೇ ಆಯುಷ್ಯ ಸವೆಸಿದವಳಿಗೆ ಈ ಏರ್ಪಾಡು ಬಂದ ಗಳಿಗೆಯಲ್ಲೇ ತಲೆ ಕೆಡಿಸಿತು. ನಾಲ್ಕನೇ ಮಹಡಿಯ ಹದಿನೇಳಕ್ಕೆ ಎರಡು ಟವೆಲು ಅಂದರೆ ಯಾರಿಗಾದರೂ ಅರ್ಥವಾಗುತ್ತದೆ. ಆಮೆಗೆ ಎರಡು ಟವೆಲು ಅಂದರೆ ಏನಂತ ತಿಳಿದುಕೊಳ್ಳುವುದು?

ದೊಡ್ಡಕ್ಕ ಯಾರಿಗೂ ದೊಡ್ಡಕ್ಕನಲ್ಲ. ಮನೆಯಲ್ಲಿ ಅವಳೇ ಎಲ್ಲರಿಗಿಂತ ಚಿಕ್ಕವಳು. ಪೇಟೆಯ ದೊಡ್ಡ ಹೋಟೆಲಿನಲ್ಲಿ ಕೋಣೆ ಗುಡಿಸಿ, ಹಾಸಿಗೆ ಹಾಸುವ ಕೆಲಸಕ್ಕೆ ಸೇರಿ, ಅಲ್ಲೇ ಕೂದಲು ನರೆತು, ಹೊಸಬರಿಗೆಲ್ಲ ಕೆಲಸ ಕಲಿಸಿ ಆ ಹೆಸರು ಅಂಟಿಸಿಕೊಂಡಿದ್ದಳು. ಅವಳು ನಿವೃತ್ತಳಾದಾಗ ಮ್ಯಾನೇಜರು ಎರಡು ಮಾತು ಹೊಗಳಿ, ಸಮುದ್ರದ ದಂಡೆಯಲ್ಲಿ ತನ್ನ ಪರಿಚಯದವರದೊಂದು ಪುಟ್ಟ ಹೋಟೆಲಿದೆ, ಗಂಡನ ಜೊತೆ ಹೋಗಿ ಇದ್ದು ಬನ್ನಿ ಎಂದು ಏರ್ಪಾಡು ಮಾಡಿಕೊಟ್ಟಿದ್ದ. ಇಷ್ಟು ದಿನ ಬೇರೆಯವರಿಗೆ ಹಾಸಿದ್ದು ಸಾಕು, ನಿಮಗೂ ಯಾರಾದರೂ ಹಾಸಿಕೊಡಲಿ ಅಂದಿದ್ದ. ಮಾತು ಚೆನ್ನಾಗಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು.

"ಬೊಟಿಕ್ ಹೋಟೆಲಂತೆ," ಎಂದು ಮನೆಗೆ ಬಂದು ಗಂಡನಿಗೆ ಹೇಳಿದಳು.

"ಬೊಟಿಕ್ ಅಂದ್ರೆ ಬಟ್ಟೆ ಹೊಲಿಯೋ ಅಂಗಡಿ ಅಲ್ವಾ? ಅಲ್ಲಿ ಮಲಗೋದೆಲ್ಲಿ, ಹೊಲಿಗೆ ಮಿಷನ್ ಕೆಳಗಾ?" ಅಂದ ಅವನು.

ಗಂಡನಿಗೂ ಒಂದು ಹೆಸರಿತ್ತು. ಬೇಕರಿಯಲ್ಲಿ ಎಲ್ಲರೂ ಅವನನ್ನು ಭಟ್ಟಿಮಾವ ಅನ್ನುತ್ತಿದ್ದರು. ರೊಟ್ಟಿ ಭಟ್ಟಿಯ ಮುಂದೆ ನಿಲ್ಲುವವನು. ಪೇಟೆ ಏಳುವ ಹೊತ್ತಿಗೆ ಬ್ರೆಡ್ಡು ಅಂಗಡಿಗಳಲ್ಲಿ ಇರಬೇಕಾದ್ದರಿಂದ ಅವನದು ಯಾವಾಗಲೂ ರಾತ್ರಿ ಪಾಳಿ. ದೊಡ್ಡಕ್ಕನದು ಹಗಲು. ಹಾಗಾಗಿ ಅವರ ಮನೆಯ ಒಂದೇ ಒಂದು ಮಂಚ ಇಬ್ಬರಿಗೂ ಪಾಳಿಯಲ್ಲಿ ದುಡಿಯಿತು. ಅವಳು ಏಳುವುದು, ಅವನು ಬರುವುದು. ಎಷ್ಟೋ ಸಲ ಅವನು ಬರುವ ಹೊತ್ತಿಗೆ ಅವಳು ಹೊರಟಾಗಿರುತ್ತಿತ್ತು. ಹಾಗಿದ್ದರೆ ಈ ಮಗಳು ಎಲ್ಲಿಂದ ಬಂದಳಪ್ಪಾ ಎಂದು ಪಕ್ಕದ ಮನೆಯವರು ಚುಡಾಯಿಸಿದರೆ, ವಾರಕ್ಕೊಂದು ರಜ ಅಂತ ಯಾಕೆ ಕೊಟ್ಟಿರೋದು ಎಂದು ಅವನು ಮುಖ ಗಂಟಿಕ್ಕಿಕೊಂಡೇ ಹೇಳುತ್ತಿದ್ದ. ಆ ಮಗಳು ಈಗ ಮದುವೆಯಾಗಿ ತನ್ನ ಮನೆಯಲ್ಲಿ ಸುಖವಾಗಿದ್ದಾಳೆ.

ಮದುವೆಯ ಹೊಸತರಲ್ಲಿ ಒಂದು ಜಗಳವಾಗಿತ್ತು. ಯಾವ ಮಾತಿಗೆ ಅಂತ ಈಗ ಇಬ್ಬರಿಗೂ ನೆನಪಿಲ್ಲ, ನೆನಪಿದ್ದರೂ ಒಪ್ಪಿಕೊಳ್ಳುವ ಪೈಕಿ ಅಲ್ಲ. ಅವತ್ತು ದೊಡ್ಡಕ್ಕ ಹಾಸಿಗೆಯ ಹೊದಿಕೆಯನ್ನು ತನ್ನ ಹೋಟೆಲಿನಲ್ಲಿ ಮಾಡುವ ಹಾಗೆ ನಾಲ್ಕೂ ಮೂಲೆ ಒಳಗೆ ತುರುಕಿ, ಒಂದು ಸುಕ್ಕು ಇಲ್ಲದ ಹಾಗೆ ಬಿಗಿದು, ಸೀದಾ ತವರಿಗೆ ಹೊರಟುಬಿಟ್ಟಿದ್ದಳು. ಬೆಳಿಗ್ಗೆ ದಣಿದು ಬಂದ ಗಂಡನಿಗೆ ಅದರೊಳಗೆ ಕಾಲು ತೂರಿಸಲೂ ಜಾಗವಿರಲಿಲ್ಲ. ಅವನಿಗೆ ಅರ್ಥವಾಯಿತು. ಮುಖ ಕೂಡ ತೊಳೆಯದೆ ಅವಳ ತವರಿನ ಬಾಗಿಲಿಗೆ ಬಂದು ನಿಂತ. "ಇದೇನು ಅಳಿಯಂದಿರೇ, ಇಷ್ಟು ಬೇಗ ತಲೆ ನರೆತುಬಿಟ್ಟಿದೆ," ಅಂದರು ಅತ್ತೆ. ಅದು ನರೆಯಲ್ಲ, ಮೈದಾಹಿಟ್ಟು. ದೊಡ್ಡಕ್ಕ ಅವನ ತಲೆ ಕೊಡವುತ್ತ ಕೊಡವುತ್ತಲೇ ವಾಪಸು ಬಂದಳು.

ಅಲ್ಲಿಂದ ಅವರಿಬ್ಬರ ನಡುವೆ ಅದೊಂದು ಪದ್ಧತಿಯಾಯಿತು. ಹೊದಿಕೆಯ ಒಂದು ಮೂಲೆ ಮಡಿಸಿ ತೆರೆದಿಟ್ಟಿದ್ದರೆ, ನಾನು ಸಂಜೆ ಬರುತ್ತೇನೆ, ನೀವು ಮಲಗಿ ಅಂತ. ನಾಲ್ಕೂ ಮೂಲೆ ಒಳಗಿದ್ದರೆ, ನಾನು ಊರಲ್ಲಿಲ್ಲ ಅಂತ. ಅಮ್ಮನಿಗೆ ಹುಷಾರಿಲ್ಲ ಎಂದು ಸುದ್ದಿ ಬಂದಾಗ, ಅಕ್ಕನ ಹೆರಿಗೆಗೆ ಓಡಿದಾಗ ಎಲ್ಲ ಅಷ್ಟೇ. ಚೀಟಿ ಬರೆಯಲು ಅವಳಿಗೆ ಬೇಸರ, ಓದಲು ಅವನಿಗೆ ತಾಳ್ಮೆಯಿಲ್ಲ. ಹಾಸಿಗೆ ನೋಡಿದರೆ ಮುಗಿಯಿತು. ಮನೆಗೆ ಮೊಬೈಲು ಬಂದ ಮೇಲೂ ಅದು ನಿಲ್ಲಲಿಲ್ಲ.

ಈಗ ಇಬ್ಬರ ಕೆಲಸವೂ ಮುಗಿದಿತ್ತು. ಬೇಕರಿಗೆ ಹೊಸ ಕರೆಂಟಿನ ಒಲೆ ಬಂದು ಭಟ್ಟಿಮಾವನನ್ನು ಮನೆಗೆ ಕಳಿಸಿತ್ತು. ಇನ್ನು ಮೇಲಾದರೂ ಒಟ್ಟಿಗೆ ಉಣ್ಣಬಹುದು, ಒಟ್ಟಿಗೆ ಮಲಗಬಹುದು ಎಂದು ದೊಡ್ಡಕ್ಕ ಆಸೆಪಟ್ಟಿದ್ದಳು. ಆದರೆ ಮೈ ಮಾತು ಕೇಳಬೇಕಲ್ಲ. ರಾತ್ರಿಯೆಲ್ಲ ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕಣ್ಣು ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದ, ಬೆಳಕು ಹರಿದದ್ದೇ ಮಂಚಕ್ಕೆ ಬೀಳುತ್ತಿದ್ದ. ಅವಳು ಹಗಲೆಲ್ಲ ಪಾತ್ರೆ ಸದ್ದಾಗದ ಹಾಗೆ, ಚಪ್ಪಲಿ ಕೈಯಲ್ಲಿ ಹಿಡಿದು, ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟು ಓಡಾಡುತ್ತಿದ್ದಳು. ಹೋಟೆಲಿಗೆ ಹೋಗಿ ಬಂದರೆ ಸರಿಹೋಗಬಹುದು, ಹೊಸ ಜಾಗ, ಹೊಸ ಅಭ್ಯಾಸ ಎಂದು ಅವಳು ಲೆಕ್ಕ ಹಾಕಿದ್ದಳು. ಇಲ್ಲದಿದ್ದರೆ ಉಳಿದ ಆಯುಷ್ಯವೂ ಹೀಗೇ ಒಬ್ಬರ ಬೆನ್ನು ಒಬ್ಬರು ನೋಡುತ್ತ ಕಳೆಯಬೇಕಲ್ಲ ಎಂಬ ಹೆದರಿಕೆ ಅವಳಿಗೆ ನಿಜವಾಗಿಯೂ ಇತ್ತು.

ಆದರೆ ಹೊಸ ಜಾಗ ಅವಳನ್ನು ಇನ್ನಷ್ಟು ತಬ್ಬಿಬ್ಬು ಮಾಡಿತು. ಕೋಣೆಯ ಒಂದು ಸ್ವಿಚ್ ಒತ್ತಿದರೆ ಹೊರಗಿನ ಜಗಲಿಯ ದೀಪ ಹತ್ತುತ್ತಿತ್ತು. ಸ್ನಾನದ ಮನೆಗೆ ಬಾಗಿಲು ಅಂತ ಇದ್ದದ್ದು ಬರೀ ಗಾಜು. ಬೀರು ಎಲ್ಲಿದೆ ಎಂದು ಗಂಡ ಹುಡುಕಿ ಹುಡುಕಿ ಸಾಕಾಗಿ, ತನ್ನ ಬ್ಯಾಗನ್ನು ಕುರ್ಚಿಯ ಪಕ್ಕದಲ್ಲೇ ಇಟ್ಟುಕೊಂಡ. ದೊಡ್ಡಕ್ಕ ಮಾತ್ರ ಗೋಡೆಯನ್ನು ಅಲ್ಲಲ್ಲಿ ಒತ್ತಿ ನೋಡಿದಳು. ಒಂದು ಕಡೆ ಗೋಡೆಯೇ ಕ್ಲಿಕ್ಕೆಂದು ತೆರೆದುಕೊಂಡಿತು. ಹಿಡಿಯಿಲ್ಲದ ಬೀರು. ಅವನು ಆಗ ಸ್ನಾನಕ್ಕೆ ಹೋಗಿದ್ದ. ತನ್ನ ಸಾಮಾನೆಲ್ಲ ಅದರೊಳಗೆ ಸೇರಿಸಿ ಮುಚ್ಚಿದಳು. ಹೇಳಬೇಕೆಂದುಕೊಂಡಳು, ಗಾಜಿನ ಸ್ನಾನದ ಮನೆಯ ಮುಂದೆ ಎತ್ತ ಕಡೆ ತಿರುಗಿ ನಿಲ್ಲಬೇಕು ಅನ್ನುವ ಗಡಿಬಿಡಿಯಲ್ಲಿ ಮರೆತುಹೋಯಿತು.

"ತಿಂಡಿ ಎಷ್ಟೊತ್ತಿಗೆ?" ಎಂದು ಹೋಟೆಲಿನ ಒಡತಿಯನ್ನು ಕೇಳಿದರೆ, "ನಿಮಗೆ ಯಾವಾಗ ಹಸಿವಾಗುತ್ತೋ ಆವಾಗ," ಅಂದಳು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ತಡಕಾಡುವ ಹೆಂಗಸು ಅವಳು. "ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ."

ತಮ್ಮ ಮನೆ ಅಂತ ತಿಳಿದುಕೊಂಡರೆ ಇಲ್ಲೂ ಚಪ್ಪಲಿ ಕೈಯಲ್ಲಿ ಹಿಡಿಯಬೇಕಾಗುತ್ತದೆ ಎಂದು ದೊಡ್ಡಕ್ಕ ಒಳಗೊಳಗೇ ಅಂದುಕೊಂಡಳು.

ಸಂಜೆ ಜಗಲಿಯಲ್ಲಿ ಎರಡು ಕುರ್ಚಿ ಹಾಕಿಕೊಂಡು ಕೂತರು. ಎದುರಿಗೆ ಸಮುದ್ರ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಎಷ್ಟು ಹೊತ್ತು ನೋಡಬೇಕು, ನೋಡಿದ್ದಾದ ಮೇಲೆ ಏನು ಮಾಡಬೇಕು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಅವನು ಗಂಟಲು ಸರಿಮಾಡಿಕೊಂಡ.

"ಇವಳೇ, ಅಣ್ಣನ ಮನೇಲಿ ಒಂದು ರೂಮು ಖಾಲಿ ಬಿದ್ದಿದೆ."

"ಹ್ಞೂಂ."

"ಅಲ್ಲಿ ಹೋಗಿ ಇದ್ಬಿಡ್ಲಾ ಅಂತ."

ದೊಡ್ಡಕ್ಕ ಅವನ ಕಡೆ ತಿರುಗಿದಳು. ಎರಡು ದಿನಕ್ಕಾ, ಎರಡು ತಿಂಗಳಿಗಾ, ಇಲ್ಲಾ ಇನ್ನು ಯಾವತ್ತಿಗೂ ಅಲ್ಲೇನಾ ಎಂದು ಕೇಳಲು ಬಾಯಿ ತೆರೆದಳು. ಬಾಯಿಂದ ಬಂದದ್ದೇ ಬೇರೆ.

"ನಿಮ್ಮಿಷ್ಟ."

"ನಿನಗೇನನ್ಸುತ್ತೆ?"

"ನನಗೇನನ್ಸುತ್ತೆ? ಏನೂ ಅನ್ಸಲ್ಲ."

ಅವನು ತಲೆಯಾಡಿಸಿ ಸಮುದ್ರದ ಕಡೆ ತಿರುಗಿದ. ಆ ತಲೆಯಾಡಿಸುವಿಕೆಗೆ ಸರಿ ಅಂತ ಅರ್ಥವೋ, ಇಷ್ಟೇನಾ ಅಂತ ಅರ್ಥವೋ ಅವಳಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ ಗಂಡನ ತಲೆಯಾಡಿಸುವಿಕೆಯ ತಲೆಬುಡ ತಿಳಿಯುವುದಿಲ್ಲವಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಅವನು ಅಷ್ಟು ಹೊತ್ತು ಎಚ್ಚರವಾಗಿ ಇದ್ದದ್ದನ್ನು ಅವಳು ನೋಡಿದ್ದಾದರೂ ಯಾವಾಗ? ಆ ರಾತ್ರಿ ಅವರು ಅಗಲವಾದ ಮಂಚದ ಈ ಅಂಚಿಗೊಬ್ಬರು, ಆ ಅಂಚಿಗೊಬ್ಬರು ಮಲಗಿದರು. ನಡುವೆ ಇನ್ನೊಂದು ಸಂಸಾರ ಮಲಗುವಷ್ಟು ಜಾಗ ಉಳಿದಿತ್ತು. ಅವನು ನಿದ್ದೆ ಮಾಡಲಿಲ್ಲ, ಅವಳೂ ಮಾಡಲಿಲ್ಲ, ಇಬ್ಬರೂ ಮಾಡಿದ ಹಾಗೆ ನಟಿಸಿದರು.

ಬೆಳಿಗ್ಗೆ ಅವನು ಶರ್ಟು ಹಾಕಿಕೊಂಡು, "ದಂಡೆ ಕಡೆ ಒಂದು ಸುತ್ತು ಹೋಗಿ ಬರ್ತೀನಿ," ಎಂದು ಹೊರಟ. ಬಾ ಅನ್ನಲಿಲ್ಲ. ಕರೆಯಲಿ ಎಂದು ಅವಳು ಕಾದಳು. ಬರುತ್ತೇನೆ ಅನ್ನಲಿ ಎಂದು ಅವನೂ ಬಾಗಿಲಲ್ಲಿ ಒಂದು ಗಳಿಗೆ ನಿಂತ ಹಾಗೆ ಕಂಡಿತು, ಅಥವಾ ಚಪ್ಪಲಿ ಸರಿಮಾಡಿಕೊಂಡನೋ ಏನೋ.

ಒಬ್ಬಳೇ ಉಳಿದ ದೊಡ್ಡಕ್ಕ ಕೋಣೆಯ ನಡುವೆ ಬೆಪ್ಪಾಗಿ ನಿಂತಳು. ತಲೆಯೊಳಗೆ ಅಣ್ಣನ ಮನೆಯ ಖಾಲಿ ರೂಮು ತಿರುಗುತ್ತಿತ್ತು. ಅಷ್ಟರಲ್ಲಿ ಕೆದರಿದ ಹಾಸಿಗೆ ಕಣ್ಣಿಗೆ ಬಿತ್ತು. ಕೈಗೆ ಕೆಲಸ ಸಿಕ್ಕಿದರೆ ತಲೆ ಸುಮ್ಮನಾಗುತ್ತದೆ ಎಂಬುದು ಅವಳ ಅನುಭವ. ಹಾಸಿಗೆಗೆ ಕೈ ಹಾಕಿದಳು. ಮನೆಯ ಮಂಚಕ್ಕೆ ಮನೆಯ ರೀತಿ, ಹೋಟೆಲಿನ ಮಂಚಕ್ಕೆ ಹೋಟೆಲಿನ ರೀತಿ. ಅವಳ ಕೈಗಳಿಗೆ ಹಾಗೆಯೇ ಗೊತ್ತಿದ್ದದ್ದು. ಹೊದಿಕೆ ಕೊಡವಿ, ಎಳೆದು, ನಾಲ್ಕೂ ಮೂಲೆ ಒಳಗೆ ತುರುಕಿ, ಅಂಗೈಯಿಂದ ಸವರಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಚೆನ್ನಾಗಿತ್ತು. ಅದೇ ಓಘದಲ್ಲಿ ನಲ್ಲಿ ಒರೆಸಿದಳು, ಕನ್ನಡಿ ಒರೆಸಿದಳು, ತನ್ನ ಬಾಚಣಿಗೆ, ಟವೆಲು, ಮೊಬೈಲು ಎಲ್ಲವನ್ನೂ ಗೋಡೆಯ ಬೀರುವಿನೊಳಗೆ ಸೇರಿಸಿದಳು. ಗಂಡನ ಬ್ಯಾಗನ್ನು ಕುರ್ಚಿಯ ಪಕ್ಕ ನೆಟ್ಟಗೆ ನಿಲ್ಲಿಸಿದಳು. ಅದೊಂದನ್ನು ಬಿಟ್ಟರೆ ಅಲ್ಲಿ ಯಾರೂ ಇಳಿದುಕೊಂಡ ಗುರುತೇ ಇರಲಿಲ್ಲ.

ಹೊರಗೆ ಬಂದವಳು ಮುಂದಿನ ಮೆಟ್ಟಿಲು ಇಳಿಯಲಿಲ್ಲ. ಕೆಲಸದವರು ಮುಂದಿನ ಮೆಟ್ಟಿಲು ಇಳಿಯುವ ರೂಢಿಯಿಲ್ಲ ನೋಡಿ. ಕಾಲು ತಾನಾಗಿ ಹಿಂದಿನ ಕಬ್ಬಿಣದ ಮೆಟ್ಟಿಲ ಕಡೆ ತಿರುಗಿತು. ಎಡ ಮಂಡಿ ಹಿಡಿದುಕೊಂಡು ಒಂದೊಂದೇ ಇಳಿದಳು. ಕೆಳಗೆ ಹಿತ್ತಲಲ್ಲಿ ಸಾಲು ಹಗ್ಗಗಳ ಮೇಲೆ ಬಿಳಿ ಚಾದರಗಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ದಪ್ಪ ಮೀಸೆಯ, ಐವತ್ತು ದಾಟಿದ ಗಂಡಸೊಬ್ಬ ಒಬ್ಬನೇ ಚಾದರ ಮಡಿಸಲು ಹೋಗಿ, ಒಂದು ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಪರದಾಡುತ್ತಿದ್ದ. ದೊಡ್ಡಕ್ಕ ಹೋಗಿ ಆ ತುದಿ ಹಿಡಿದಳು. ಅವನು ನೀವ್ಯಾರು ಅನ್ನಲಿಲ್ಲ, ಅವಳು ಹೇಳಲಿಲ್ಲ. ಅವನು ಎಳೆದರೆ ಅವಳು ಎಳೆದಳು, ಅವನು ಮಡಿಸಿದರೆ ಅವಳು ಮಡಿಸಿದಳು. ಮಡಿಸಿದ್ದು ಎದೆಮಟ್ಟ ಬೆಳೆಯಿತು. ಅವಳಿಗೆ ಈ ಊರಿಗೆ ಬಂದ ಮೇಲೆ ಅರ್ಥವಾಗುವಂಥದ್ದು ನಡೆದದ್ದು ಅದೊಂದೇ.

ನಡುವೆ ಅವನು ಟವೆಲುಗಳನ್ನು ಹೊತ್ತು ಮೇಲೆ ಹೋದ. ವಾಪಸು ಬಂದವನು ಮೀಸೆ ತುರಿಸಿಕೊಂಡ.

"ಆಮೆ ರೂಮು ಖಾಲಿ ಆಗಿದೆ. ಯಾವಾಗ ಹಾಸಿಗೆ ಹಾಸಿದೆ ಅಂತ ನನಗೇ ನೆನಪಿಲ್ಲ, ನನ್ನ ತಲೆ ಹಾಳಾಗಿ ಹೋಯ್ತು ಅನ್ಸುತ್ತೆ. ಹೊಸಬರು ಬರ್ಬಹುದು ಅಂತ ಟವೆಲ್ಲಲ್ಲಿ ಬಾತುಕೋಳಿ ಮಾಡಿಟ್ಟು ಬಂದೆ."

ದೊಡ್ಡಕ್ಕನಿಗೆ ನಗು ಬಂತು. "ಹಾಸಿದ್ದು ನಾನೇ."

"ಹೌದಾ? ನಿಮ್ಮನ್ನ ಯಾವಾಗ ಕೆಲಸಕ್ಕೆ ತಗೊಂಡ್ರು? ನನಗ್ಯಾರೂ ಹೇಳೇ ಇಲ್ಲ."

"ಕೆಲಸಕ್ಕಲ್ಲ, ನಾನು ಆಮೆ."

ಮೀಸೆಯವನ ಕೈಯಿಂದ ಚಾದರ ಜಾರಿತು. ಅತಿಥಿಯ ಕೈಲಿ ಅಷ್ಟು ಹೊತ್ತು ಚಾದರ ಮಡಿಸಿದೆನಲ್ಲ ಎಂದು ಅವನು ಬಡಬಡಿಸತೊಡಗಿದ. "ಅಮ್ಮಾ, ಒಡತಿಗೆ ಹೇಳ್ಬೇಡಿ. ಅಲ್ಲಾ, ರೂಮಲ್ಲಿ ಒಂದು ವಸ್ತು ಇಲ್ಲವಲ್ಲಮ್ಮಾ, ಯಾರಿಗಾದ್ರೂ ಹೇಗೆ ಗೊತ್ತಾಗ್ಬೇಕು?"

"ಬ್ಯಾಗಿದೆಯಲ್ಲ. ಕುರ್ಚಿ ಪಕ್ಕ."

"ಯಾವ ಬ್ಯಾಗು?"

ದೊಡ್ಡಕ್ಕ ಮಂಡಿ ನೋವು ಮರೆತು ಮೆಟ್ಟಿಲು ಹತ್ತಿದಳು. ಕೋಣೆಯಲ್ಲಿ ಬ್ಯಾಗು ಇರಲಿಲ್ಲ. ಕುರ್ಚಿ ಇತ್ತು, ಕುರ್ಚಿಯ ಪಕ್ಕ ನೆಲವಿತ್ತು. ಹಾಸಿಗೆಯ ಮೇಲೆ ಬಿಳಿ ಟವೆಲಿನ ಬಾತುಕೋಳಿ ಕೊರಳು ಕೊಂಕಿಸಿ ಕೂತಿತ್ತು. ಕೋಣೆ ತಪ್ಪಿತೇನೋ ಎಂದು ಹೊರಗೆ ಬಂದು ಬಾಗಿಲು ನೋಡಿದಳು. ಆಮೆಯೇ. ಗಾಜಿನ ಸ್ನಾನದ ಮನೆಗೆ ಇಣುಕಿದಳು. ಯಾರಾದರೂ ಇದ್ದರೆ ಇಣುಕದೆಯೇ ಕಾಣುತ್ತಿತ್ತು.

ಈಗ ಮುಂದಿನ ಮೆಟ್ಟಿಲಿನಿಂದಲೇ ಇಳಿದು ಒಡತಿಯ ಮೇಜಿನ ಮುಂದೆ ನಿಂತಳು.

"ನಮ್ಮ ಮನೆಯವರನ್ನ ನೋಡಿದ್ರಾ?"

"ಓ, ಆಗಲೇ ಹೋದ್ರಲ್ಲ. ಬ್ಯಾಗ್ ಹಿಡ್ಕೊಂಡು ಬಂದು ಬಸ್ ಎಲ್ಲಿ ನಿಲ್ಲುತ್ತೆ ಅಂದ್ರು." ಒಡತಿ ಕನ್ನಡಕಕ್ಕಾಗಿ ಮೇಜಿನ ಮೇಲೆ ಕೈಯಾಡಿಸಿದಳು. "ನೀವು ಮುಂದೆ ಹೋಗಿದ್ದೀರಿ ಅಂದ್ಕೊಂಡೆ. ಈ ಕಡೆಯಿಂದ ಯಾರಾದ್ರೂ ಹೋದ್ರಾ ಅಂತ ಬೇರೆ ಕೇಳಿದ್ರಪ್ಪ. ಇಲ್ಲ, ಹಿಂದಿನ ಗೇಟಿಂದ ಹೋಗಿರ್ಬಹುದು, ಬಸ್ಸಿಗೆ ಹತ್ತಿರ ಅಂದೆ. ಅವರು ಮಾತ್ರ ಮುಂದಿನಿಂದಲೇ ಓಡಿದ್ರು. ಅಲ್ಲಾ, ನೀವು ಇಲ್ಲೇ ಇದ್ದೀರಲ್ಲ?"

"ನನಗೂ ಹಾಗೇ ಅನ್ಸುತ್ತೆ," ಅಂದಳು ದೊಡ್ಡಕ್ಕ.

ಒಡತಿ ಹೇಳಿದ್ದರಲ್ಲಿ ಅವಳ ಕಿವಿಗೆ ಬಿದ್ದದ್ದು ಎರಡೇ ಮಾತು, ಬ್ಯಾಗು ಮತ್ತು ಬಸ್ಸು. ಅಣ್ಣನ ಮನೆಗೆ ಹೊರಟೇಬಿಟ್ಟ. ನಿಮ್ಮಿಷ್ಟ ಅಂದದ್ದೇ ತಡ, ಒಂದು ಹಗಲೂ ಕಾಯದೆ. ಹೇಳಿ ಹೋಗುವಷ್ಟು ಮರ್ಯಾದೆಯೂ ಬೇಡವಾಯಿತೇ? ಮೆಟ್ಟಿಲು ಹತ್ತುವಾಗ ಅವಳ ಪಿತ್ತ ನೆತ್ತಿಗೇರಿತು, ಬಾಗಿಲು ತಲುಪುವಷ್ಟರಲ್ಲಿ ಸಿಟ್ಟೆಲ್ಲ ಇಳಿದುಹೋಯಿತು. ಹೋಗಲಿ, ಹಾಯಾಗಿ ಪಾತ್ರೆ ಸದ್ದು ಮಾಡಿಕೊಂಡು ಇರುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಯಾರಿಗೆ ಬೇಕಾಗಿತ್ತು ಆ ಸದ್ದು? ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತು ಹೊದ್ದುಕೊಂಡು ಅತ್ತುಬಿಡೋಣ ಎಂದು ಬಾತುಕೋಳಿಯನ್ನು ಪಕ್ಕಕ್ಕೆ ತಳ್ಳಿ ಹಾಸಿಗೆಗೆ ಕಾಲು ಹಾಕಿದಳು.

ಕಾಲು ಒಳಗೆ ತೂರಲಿಲ್ಲ.

ಹೊದಿಕೆ ಅಷ್ಟು ಬಿಗಿಯಾಗಿತ್ತು. ದೊಡ್ಡಕ್ಕ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟುಕೊಂಡು ಹಾಗೆಯೇ ನಿಂತಳು. ಈ ಮೂಲೆ ನೋಡಿದಳು, ಆ ಮೂಲೆ ನೋಡಿದಳು, ತಲೆದಿಂಬಿನ ಕಡೆಯ ಎರಡನ್ನೂ ನೋಡಿದಳು. ನಾಲ್ಕೂ ಒಳಗೆ. ಅವಳೇ ತುರುಕಿದ್ದು. ದಂಡೆಯಿಂದ ವಾಪಸು ಬಂದವನ ಕಣ್ಣಿಗೆ ಮೊದಲು ಬಿದ್ದದ್ದು ಇದು. ಅವಳ ಬಾಚಣಿಗೆಯಿಲ್ಲ, ಚೀಲವಿಲ್ಲ, ಗೋಡೆಯಲ್ಲಿ ಬೀರು ಇದೆ ಅಂತ ಅವನಿಗೆ ಗೊತ್ತೇ ಇಲ್ಲ. ಈ ಕಡೆಯಿಂದ ಯಾರಾದರೂ ಹೋದರಾ ಎಂದು ಅವನು ಯಾಕೆ ಕೇಳಿದ ಅಂತ ಈಗ ಹೊಳೆಯಿತು. ಅವನು ಅವಳನ್ನು ಬಿಟ್ಟು ಹೋಗಿರಲಿಲ್ಲ. ಅವಳೇ ಹೋದಳು ಅಂದುಕೊಂಡಿದ್ದ.

ಗೋಡೆ ಒತ್ತಿದಳು. ತಪ್ಪು ಜಾಗ. ಇನ್ನೊಂದು ಕಡೆ ಒತ್ತಿದಳು. ಬೀರು ತೆರೆದುಕೊಂಡಿತು. ಮಲಗಿದವನಿಗೆ ಎಚ್ಚರವಾಗಬಾರದು ಎಂದು ಎಷ್ಟೋ ವರ್ಷದಿಂದ ಸದ್ದು ಅಡಗಿಸಿಟ್ಟಿದ್ದ ಅವಳ ಮೊಬೈಲು ಬಾಚಣಿಗೆಯ ಪಕ್ಕದಲ್ಲಿ ಮಿಣುಕುತ್ತ ಮಲಗಿತ್ತು. ಪರದೆಯ ತುಂಬ ಅವನು ಮಾಡಿದ ಕರೆಗಳು. ವಾಪಸು ಮಾಡಿದಳು. ಎತ್ತಿದ.

"ಎಲ್ಲಿದೀಯ?" ಬಸ್ಸಿನ ಗಡಗಡದ ನಡುವೆ ಅವನ ದನಿ.

"ರೂಮಲ್ಲಿ."

"ಯಾವ ರೂಮಲ್ಲಿ?"

"ಆಮೆ ರೂಮಲ್ಲಿ."

"ಸುಳ್ಳು ಹೇಳ್ಬೇಡ. ನಾನು ಕಣ್ಣಾರೆ ನೋಡಿದೀನಿ. ಹಾಸಿಗೆ ನಾಲ್ಕೂ ಕಡೆ ಮುಚ್ಚಿತ್ತು."

"ಅದು ಕೈ ತಪ್ಪಿ ಆಯ್ತು ರೀ. ಹೋಟೆಲ್ ಹಾಸಿಗೆ ಅಲ್ವಾ, ಹೋಟೆಲ್ ಥರ ಹಾಸ್ಬಿಟ್ಟೆ."

ಆ ಕಡೆ ಕಂಡಕ್ಟರು ಯಾವುದೋ ಊರಿನ ಹೆಸರು ಕೂಗಿದ.

"ನೀವೆಲ್ಲಿದೀರಾ? ಅಣ್ಣನ ಮನೆ ದಾರೀಲಾ?"

"ಅಣ್ಣನ ಮನೆಗ್ಯಾಕೆ ಹೋಗ್ಲಿ?" ಅವನ ದನಿಯಲ್ಲಿ ಸಿಟ್ಟಿತ್ತು. "ನಿನ್ನ ಅಕ್ಕನ ಊರಿನ ಬಸ್ಸಲ್ಲಿದೀನಿ. ಅಮ್ಮ ಹೋದ ಮೇಲೆ ನೀನು ಅಲ್ಲಿಗಲ್ದೆ ಇನ್ನೆಲ್ಲಿಗೆ ಹೋಗ್ತೀಯ? ಕರ್ಕೊಂಡು ಬರೋಕೆ ಹೊರಟೆ."

ದೊಡ್ಡಕ್ಕ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. "ಇಳೀರಿ ಮೊದಲು," ಅಂದಳು.

ಬಸ್ಸಿನ ರಸ್ತೆ ಸಮುದ್ರದ ಮಗ್ಗುಲಲ್ಲೇ ಹೋಗುತ್ತಿತ್ತು. ಅವನು ಆ ಕಡೆಯಿಂದ ದಂಡೆಗುಂಟ ನಡೆದು ಬಂದ, ಇವಳು ಈ ಕಡೆಯಿಂದ ಹೊರಟಳು. ಮರಳಿನಲ್ಲಿ ಬ್ಯಾಗು ಹೊತ್ತುಕೊಂಡು ಬರುವ ಮನುಷ್ಯ ಆ ದಂಡೆಯಲ್ಲಿ ಅವನೊಬ್ಬನೇ. ಈಜುವ ಬಟ್ಟೆ ಹಾಕಿಕೊಂಡವರು ಅವನನ್ನು ತಿರುತಿರುಗಿ ನೋಡುತ್ತಿದ್ದರು. ಹತ್ತಿರ ಬಂದವನು ಬ್ಯಾಗು ಇಳಿಸಿ, ಅದರ ಮೇಲೆಯೇ ಕೂತ.

"ನಿಮ್ಮಿಷ್ಟ ಅಂದೆಯಲ್ಲ," ಅಂದ. "ಬೆಳಿಗ್ಗೆ ನೋಡಿದ್ರೆ ಹಾಸಿಗೆ ಹಾಗೆ. ಓಹೋ, ಇದೇ ಇವಳ ಉತ್ತರ ಅಂದ್ಕೊಂಡೆ."

"ನಿಮ್ಮಿಷ್ಟ ಅಂದ್ರೆ ಹೋಗ್ಬೇಡಿ ಅಂತ ರೀ."

"ಹೋಗ್ಬೇಡಿ ಅನ್ನೋಕೇನಾಗಿತ್ತು?"

"ನೀವು ಹೋಗ್ತೀನಿ ಅಂತ ಯಾಕೆ ಅನ್ಬೇಕಿತ್ತು? ನಾನು ನಿಮಗೆ ಸಾಕಾಗಿದೀನಿ ಅಂದ್ಕೊಂಡೆ. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ."

"ನನಗೆಲ್ಲಿ ಬಂತು?"

"ನಿಮಗೆ ರಾತ್ರಿ ಯಾವತ್ತು ಬಂದಿದೆ?"

ಅವನು ನಗಲಿಲ್ಲ. ಕಾಲಿನಿಂದ ಮರಳು ಸರಿಸುತ್ತ ಕೂತ. ಆಮೇಲೆ ಹೇಳಿದ. "ಇವತ್ತು ಬೆಳಿಗ್ಗೆ ನೀನು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಸ್ನಾನದ ಮನೆಗೆ ಹೋದೆ. ನಾನು ಎಚ್ಚರವಾಗೇ ಇದ್ದೆ. ಮನೇಲೂ ಹಾಗೇ. ನನ್ನ ದೆಸೆಯಿಂದ ನಿನ್ನ ಮನೇಲಿ ನೀನೇ ಕಳ್ಳಿ ಥರ ಓಡಾಡ್ತೀಯ. ನಾನು ಅಣ್ಣನ ಮನೇಲಿ ಮಲಗಿದ್ರೆ ನೀನು ಹಗಲು ಹೊತ್ತು ಧಡಧಡ ಅಂತ ಇರ್ಬಹುದಲ್ಲ ಅಂತ. ಇಷ್ಟು ವರ್ಷ ಆಯ್ತು ಇವಳೇ, ನಿನ್ನ ಹೆಜ್ಜೆ ಸದ್ದು ಹೇಗಿರುತ್ತೆ ಅಂತ ನನಗೆ ಗೊತ್ತಿಲ್ಲ."

ದೊಡ್ಡಕ್ಕ ಅವನ ತಲೆ ಮುಟ್ಟಿದಳು. ಹಿಟ್ಟು ಕೊಡವಲು ಬಂದ ಕೈ ಅದು. ಕೊಡವಿದರೆ ಏನೂ ಉದುರಲಿಲ್ಲ. ಈಗ ನಿಜವಾಗಿಯೂ ನರೆತಿತ್ತು.

"ಅಣ್ಣನ ಮನೆ ಬೇಡ," ಅಂದಳು. ಈ ಸಲ ಬಾಯಿಂದ ಬಂದದ್ದು ಅಂದುಕೊಂಡದ್ದೇ.

"ಬೇಡ ಅಂದ್ರೆ ಬೇಡ," ಎಂದು ಅವನು ಬ್ಯಾಗೆತ್ತಿಕೊಂಡ.

ಮುಂದಿನ ಮೆಟ್ಟಿಲಿನಿಂದಲೇ ಇಬ್ಬರೂ ಹತ್ತಿದರು. ಒಡತಿ ಅವರನ್ನು ನೋಡಿ, ಹೋದವರು ಯಾರು, ಇದ್ದವರು ಯಾರು, ಬಂದವರು ಯಾರು ಎಂದು ಕೇಳುವ ಮುಖ ಮಾಡಿ, ಕೇಳದೆ ಕನ್ನಡಕ ಹುಡುಕತೊಡಗಿದಳು. "ತಲೆ ಮೇಲಿದೆ," ಎಂದು ಹೇಳಿ ಭಟ್ಟಿಮಾವ ಮೇಲೆ ಹೋದ.

ಕೋಣೆಯಲ್ಲಿ ದೊಡ್ಡಕ್ಕ ಹಾಸಿಗೆಯ ಬಳಿ ಹೋಗಿ ಅಭ್ಯಾಸದಂತೆ ಒಂದು ಮೂಲೆ ಎಳೆದು ಮಡಿಸಿದಳು. ಮಡಿಸಿ ಗೊಂದಲಕ್ಕೆ ಬಿದ್ದಳು. ಆ ಮೂಲೆ ತೆರೆದಿಡುವುದು ಹೊರಗೆ ಹೋಗುವವಳು, ಬರುವವನಿಗಾಗಿ. ಈಗ ಹೋಗುವವರೂ ಇಲ್ಲ, ಬರುವವರೂ ಇಲ್ಲ, ಇಬ್ಬರೂ ಇದ್ದೇವೆ ಅನ್ನಲು ಅವರು ಯಾವ ಗುರುತನ್ನೂ ಮಾಡಿಕೊಂಡಿರಲಿಲ್ಲ. ಅಷ್ಟರಲ್ಲಿ ಅವನು ಆ ಕಡೆಗೆ ಹೋಗಿ ಹೊದಿಕೆಯನ್ನು ಹಿಟ್ಟಿನ ಚೀಲ ಎಳೆದ ಹಾಗೆ ಎಳೆದ. ಕೆಳಗಿನ ಚಾದರವೂ ಸೇರಿ ಎಲ್ಲ ಕಿತ್ತುಬಂತು. ಅವಳು ಬಾಯಿಯವರೆಗೆ ಬಂದ ಬೈಗುಳವನ್ನು ನುಂಗಿಕೊಂಡಳು. ಅವನು ಆ ಗುಡ್ಡೆಯ ನಡುವೆಯೇ ಮಲಗಿದ. ಹಗಲಾಗಿತ್ತು, ಅವನ ನಿದ್ದೆಯ ಹೊತ್ತು.

"ನೀನು ಸದ್ದು ಮಾಡು," ಅಂದ ಕಣ್ಣು ಮುಚ್ಚಿಕೊಂಡು.

"ಏನು ಸದ್ದು?"

"ಏನಾದ್ರೂ."

ಹಾಗೆ ಹೇಳಿದರೆ ಯಾವ ಸದ್ದು ಮಾಡುವುದು? ಬೀರುವಿನ ಬಾಗಿಲು ಬಡಿದು ನೋಡಿದಳು. ಅದು ಬಡಿಯುವ ಜಾತಿಯದಲ್ಲ, ಮೆಲ್ಲಗೆ ತಾನೇ ಹೋಗಿ ಅಂಟಿಕೊಂಡಿತು. ಆಮೇಲೆ ಚಪ್ಪಲಿ ಕೆಳಗೆ ಹಾಕಿ ಕಾಲಿಗೆ ಮೆಟ್ಟಿಕೊಂಡಳು. ಬಾಗಿಲಿನಿಂದ ಕಿಟಕಿಯವರೆಗೆ ನಡೆದಳು. ಮೊದಲು ಮೆಲ್ಲಗೆ, ಆಮೇಲೆ ಹಿಮ್ಮಡಿ ಊರಿ. ಮರದ ನೆಲ ಟಪ್ ಟಪ್ ಅಂದಿತು. ಕಿಟಕಿಯಿಂದ ಬಾಗಿಲಿಗೆ, ಮತ್ತೆ ಕಿಟಕಿಗೆ. ಯಾರಾದರೂ ನೋಡಿದರೆ ಇವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು. ಅವನು ಅಲುಗಾಡದೆ ಮಲಗಿದ್ದ. ನಿದ್ದೆ ಬಂತು ಅಂದುಕೊಂಡಳು.

"ಒಂದು ಕಾಲು ಎಳೀತೀಯ," ಅಂದ ಅವನು.

"ಎಡಗಾಲು. ಮಂಡಿ ನೋವು."

ಅವನು ಕಣ್ಣು ಬಿಟ್ಟ. "ಯಾವಾಗಿಂದ?"

ದೊಡ್ಡಕ್ಕ ನಿಂತಲ್ಲೇ ನಿಂತಳು. ಯಾವಾಗಿಂದ ಎಂದು ಅವಳಿಗೂ ನೆನಪಿರಲಿಲ್ಲ. ಮಗಳು ಶಾಲೆಗೆ ಹೋಗುವ ಕಾಲಕ್ಕೇ ಇತ್ತು. ಅವಳು ಚಪ್ಪಲಿಯನ್ನು ನೋಡಿದಳು.

ಅವನು ಎದ್ದು ಕೂತು, ಕಿತ್ತುಬಂದ ಚಾದರವನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿದ. "ಬಾ ಇಲ್ಲಿ, ಕಾಲು ಚಾಚು," ಅಂದ.